ಶಾಂತಲೆಯ ಮುಖ

ಹ್ಯಾಂಡ್‌ಪೋಸ್ಟಿನ ನನ್ನ ಬೋರ್ಡ್ ಬರೆಯುವ ಅಂಗಡಿಗೆ ಮೇಷ್ಟ್ರೊಬ್ಬರು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ತಂದರು. ಹೊಲಿಗೆ ಬಿಟ್ಟಿತ್ತು, ಮೇಲಿನ ರಟ್ಟೇ ಇರಲಿಲ್ಲ. “ಬೈಂಡ್ ಮಾಡಿ, ಮುಂದ್ಗಡೆ ಒಂದ್ ಚಿತ್ರ ಬರ್ದ್ಕೊಡಪ್ಪ” ಅಂದರು. ಮೂರು ರಾತ್ರಿ ಕೂತು ಹೊಯ್ಸಳರ ರಾಣಿ ಶಾಂತಲೆಯನ್ನು ಬರೆದೆ. ಬಳುಕಿದ ನಡು, ಬಟ್ಟಲುಗಣ್ಣು, ಮೈತುಂಬ ಒಡವೆ, ಹಿಂದೆ ಬೇಲೂರಿನ ಗೋಡೆ, ಪಕ್ಕದಲ್ಲಿ ಗಂಡ ವಿಷ್ಣುವರ್ಧನ.

ಅದೇ ವಾರ ಲಾರಿಯೊಂದರ ಮುಂಭಾಗಕ್ಕೆ ಹಾಕುವ ಹಲಗೆಯ ಮೇಲೆ ನಮ್ಮ ಕಡೆಯ ದೇವತೆ ಚಿಕ್ಕದೇವಮ್ಮನನ್ನೂ ಬರೆದಿದ್ದೆ. ಎರಡೂ ಒಣಗಲೆಂದು ಗೋಡೆಗೆ ಒರಗಿಸಿದ್ದೆ. ಲಾರಿಯ ಡ್ರೈವರ್ ಬಂದವನೇ ಚಪ್ಪಲಿ ಬಿಟ್ಟು, ಕಣ್ಮುಚ್ಚಿ ಕೈಮುಗಿದ. ಮುಗಿದದ್ದು ಶಾಂತಲೆಗೆ. ಆಗ ಎರಡನ್ನೂ ನೋಡಿದೆ. ಮುಖ ಒಂದೇ.

ಅವನ ನಮಸ್ಕಾರ ತಪ್ಪಿತು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಹೊಲದ ಬದುವಿನ ಕಲ್ಲಿಗೆ ಕುಂಕುಮವಿಟ್ಟು ಎರಡು ಬೆಳ್ಳಿ ಕಣ್ಣು ಅಂಟಿಸಿದರೆ ಅಮ್ಮ ಬಂದು ಕೂರುತ್ತಾಳೆ. ತನ್ನದೆಂಬ ಮುಖವಿಲ್ಲದವಳಿಗೆ ಯಾವ ಮುಖ ಬರೆದರೂ ಸುಳ್ಳಾಗದು. ದೇವರಿಗೆ ಕೊನೆಯಲ್ಲಿ ಕಣ್ಣು ಬರೆಯುವಾಗ ನನ್ನ ಕೈ ನಡುಗುವುದು ಭಕ್ತಿಗೆ, ತಪ್ಪಿನ ಭಯಕ್ಕಲ್ಲ.

ಶಾಂತಲೆ ಹಾಗಲ್ಲ. ಅವಳಿಗೆ ಒಂದು ಮುಖವಿತ್ತು. ತಾಯಿ ಮಾಚಿಕಬ್ಬೆ ಅದನ್ನು ಕತ್ತಲಲ್ಲಿ ಸವರಿಯೇ ಗುರುತಿಸುತ್ತಿದ್ದಳೇನೋ. ಬೇಲೂರಿನ ಕನ್ನಡಿ ಹಿಡಿದ ಮದನಿಕೆ ಅವಳೇ ಅನ್ನುವವರಿದ್ದಾರೆ, ಅದು ಜನರ ಪ್ರೀತಿಯ ಮಾತು. ಶಾಸನಗಳು ಅವಳ ಹಾಡನ್ನೂ ಕುಣಿತವನ್ನೂ ಹೊಗಳುತ್ತವೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಅವಳು ಸವತಿಗಂಧವಾರಣ ಬಸದಿ ಕಟ್ಟಿಸಿ, ಶಾಂತಿನಾಥನನ್ನು ನಿಲ್ಲಿಸಿದಳು. ಗಂಡ ವೈಷ್ಣವನಾದನೆಂದು ಹೇಳುವ ಕಾಲದಲ್ಲೂ ಅವಳು ಜಿನಭಕ್ತೆಯಾಗಿಯೇ ಉಳಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಮೇಲೆ ತಾಯಿ ಅನ್ನ ನೀರು ಬಿಟ್ಟು, ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಒಂದು ಒಡವೆಯೂ ಇಲ್ಲದ ಜಿನನ ಮುಂದೆ ಕೈಮುಗಿದು ನಿಂತವಳಿಗೆ ನಾನು ಕ್ಯಾಲೆಂಡರಿನಿಂದ ಎತ್ತಿದ ಕಣ್ಣು, ಸಿನಿಮಾ ಪೋಸ್ಟರಿನಿಂದ ಎತ್ತಿದ ನಡು ಕೊಟ್ಟಿದ್ದೆ. ಅದು ತನ್ನದಲ್ಲವೆನ್ನಲು ಅವಳಿಲ್ಲ. ಸತ್ತವರ ವಿಷಯದಲ್ಲಿ ನನ್ನನ್ನು ಹೆದರಿಸುವುದು ಇದೇ.

ಚಿತ್ರವೇ ಬೇಡವೆನ್ನಲಾರೆ. ಹುಡುಗನಾಗಿದ್ದಾಗ ತ.ರಾ.ಸು. ಪುಸ್ತಕಗಳನ್ನು ಕೈಗೆತ್ತಿಕೊಂಡಿದ್ದು ಮುಖಪುಟದ ಕುದುರೆ, ಕೋಟೆ ನೋಡಿಯೇ. ನಮ್ಮೂರು ಹ್ಯಾಂಡ್‌ಪೋಸ್ಟಿನ ಹೆಸರಿನ ಅರ್ಥವೇ ಕೈಮರ. ದಾರಿ ತೋರುವುದು ಮರ್ಯಾದೆಯ ಕೆಲಸ. ಆದರೆ ಓದಿದವರಿಗೆಲ್ಲ ಕೊನೆಗೆ ಶಾಂತಲೆಯೆಂದರೆ ರಟ್ಟಿನ ಮೇಲಿನ ಆ ಹೆಣ್ಣೇ ಆಗಿಬಿಟ್ಟರೆ, ಕೈಮರ ದಾರಿಗೇ ಅಡ್ಡ ನಿಂತಂತೆ.

ಇದೇ ಅಯ್ಯರ್ ಅವರ ‘ರೂಪದರ್ಶಿ’ಯಲ್ಲಿ ಬಾಲ ಏಸುವಿನ ಚಿತ್ರಕ್ಕೆ ಮಾದರಿಯಾದ ಹುಡುಗನೇ ಎಷ್ಟೋ ವರ್ಷದ ಮೇಲೆ ಜೂದಾಸನಿಗೂ ಮಾದರಿಯಾಗುತ್ತಾನೆ. ಅದನ್ನೋದಿದಾಗ, ಒಬ್ಬನ ಮುಖವೂ ಒಂದೇ ಅಲ್ಲವಲ್ಲ ಅನ್ನಿಸಿ ನನ್ನ ವಾದ ಸಡಿಲವಾಯಿತು. ಒಂದು ರಾತ್ರಿ ಯೋಚಿಸಿದೆ. ಆ ಹುಡುಗನ ಮುಖ ಬದಲಾದದ್ದು ಅವನು ಬಾಳಿದ್ದರಿಂದ. ಶಾಂತಲೆಯ ಮುಖವನ್ನು ಬದಲಿಸಿದ್ದು ನನ್ನ ಕುಂಚ.

ಹೊಸ ರಟ್ಟು ತಂದೆ. ಈ ಸಲ ಅವಳನ್ನು ಬೆನ್ನಿನ ಕಡೆಯಿಂದ ಬರೆದೆ. ಇಳಿಬಿಟ್ಟ ಜಡೆ, ಕೈಯಲ್ಲೊಂದು ಸೊಡರು, ಅದರ ಬೆಳಕಿನಲ್ಲಿ ಶಾಂತಿನಾಥನ ಪಾದ.

“ಮುಖಾನೇ ಕಾಣಲ್ವಲ್ಲಪ್ಪ” ಎಂದರು ಮೇಷ್ಟ್ರು. ಆದರೂ ದುಡ್ಡು ಕೊಟ್ಟರು. ಜೊತೆಗಿದ್ದ ಮೊಮ್ಮಗಳು ಪುಸ್ತಕ ಇಸಿದುಕೊಂಡು ಚಿತ್ರವನ್ನೇ ನೋಡಿದಳು. ಆಮೇಲೆ ಮುಖ ಆ ಕಡೆ ಇರಬಹುದೆಂದು ಪುಸ್ತಕ ತಿರುವಿ ಹಿಂದಿನ ರಟ್ಟು ನೋಡಿದಳು.