ಮಣಿ ಹೆಚ್ಚಿತು

ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಕೆಟ್ಟದ್ದನ್ನು ಬಾಯಿಂದ ಆಡಬಾರದೆಂಬ ಹಿರಿಯರ ನಯ ಅದು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಕನ್ನಡ ಕಲಿಸುವಾಗ ಈ ಮಾತನ್ನು ನಾನು ಮೆಚ್ಚಿಕೊಂಡೇ ಹೇಳಿದ್ದೇನೆ. ಆದರೆ ಇದೇ ನಯದ ಹಿಂದೆ ಒಂದು ರಾತ್ರಿ ನಾನು ಅಡಗಿ ಕುಳಿತೆ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಬೆಂಗಳೂರಿನ ಮಗಳ ಮನೆಗೆ ಹೋದಾಗ, ಹತ್ತು ದಿನ ಗಾಜಿನ ಮಣಿ ಮಾಡುವುದನ್ನು ಕಲಿತೆ. ನಾವು ಕೊರಳಿಗೆ ಹಾಕುವ ಎಷ್ಟೋ ಮಣಿಗಳು ಉತ್ತರ ಪ್ರದೇಶದ ಪುರದಿಲ್‌ನಗರದಂಥ ಊರುಗಳಲ್ಲಿ ಉರಿಯ ಮುಂದೆ ಕೂತವರ ಕೈಯಿಂದ ಬರುತ್ತವೆಂಬುದು ಆಗಲೇ ನನಗೆ ತಿಳಿದದ್ದು. ಉಕ್ಕಿನ ತೆಳು ಸರಳಿಗೆ ಮಣ್ಣಿನಂಥ ಲೇಪ ಹಚ್ಚಿ ಒಣಗಿಸಬೇಕು. ಇಲ್ಲವಾದರೆ ಮಣಿ ಸರಳನ್ನು ಬಿಟ್ಟು ಬರುವುದಿಲ್ಲ. ಗಾಜಿನ ಕಡ್ಡಿಯನ್ನು ಉರಿಯ ಅಂಚಿನಲ್ಲಿ ಮೆಲ್ಲಗೆ ಕಾಯಿಸಬೇಕು. ಒಮ್ಮೆಲೆ ಹಿಡಿದರೆ ಸಿಡಿಯುತ್ತದೆ. ಅದು ಜೇನಿನಂತೆ ಕರಗಿದಾಗ ಸರಳಿಗೆ ಸುತ್ತಿ, ಸರಳನ್ನು ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಗಾಜು ಜೋಲುತ್ತದೆ.

ಇಷ್ಟು ನಾಲ್ಕು ದಿನದಲ್ಲಿ ಕೈಗೆ ಬಂತು. ಕಷ್ಟವಿರುವುದು ಮಣಿಯನ್ನು ಆರಿಸುವುದರಲ್ಲಿ. ಮೊದಲು ಮಣಿಯ ಮೈ ಆರಿ ಗಟ್ಟಿಯಾಗುತ್ತದೆ, ಒಳಗು ಇನ್ನೂ ಬಿಸಿಯಾಗಿರುತ್ತದೆ. ಆಮೇಲೆ ಒಳಗು ಆರಿ ಕುಗ್ಗಲು ನೋಡಿದರೆ ಗಟ್ಟಿಯಾದ ಮೈ ಬಿಡುವುದಿಲ್ಲ. ಆ ಜಗ್ಗಾಟ ಗಾಜಿನಲ್ಲಿ ಹಾಗೇ ಉಳಿಯುತ್ತದೆ. ಅದಕ್ಕೇ ಮಣಿಯನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿಟ್ಟು, ತಾಸುಗಟ್ಟಲೆ ಮೆಲ್ಲಮೆಲ್ಲಗೆ ಕಾವು ಇಳಿಸಬೇಕು. ಹಾಗೆ ಮಾಡದ ಮಣಿಯೂ ನೋಡಲು ಅಷ್ಟೇ ಚೆಂದ. ಅದು ಇವತ್ತು ಒಡೆಯಬಹುದು, ತಿಂಗಳು ಬಿಟ್ಟು ಒಡೆಯಬಹುದು, ಒಡೆಯದೆಯೂ ಇರಬಹುದು.

ಸುರಪುರದ ನಮ್ಮ ಮನೆಯಲ್ಲಿ ಕುಲುಮೆ ಇಲ್ಲ. ಹಿತ್ತಲಲ್ಲಿ ಗ್ಯಾಸ್ ಬರ್ನರ್ ಇಟ್ಟುಕೊಂಡಿದ್ದೇನೆ. ಮಾಡಿದ ಮಣಿಯನ್ನು, ಬಿಸಿ ಮಾಡಿದ ವರ್ಮಿಕ್ಯುಲೈಟ್ ಎಂಬ ಹಗುರ ಹರಳು ತುಂಬಿದ ಡಬ್ಬಿಯಲ್ಲಿ ಹೂತು, ಮರುದಿನ ತೆಗೆಯುತ್ತೇನೆ. ಪೂರ್ತಿ ಭರವಸೆ ಇಲ್ಲದಿದ್ದರೂ ಸಣ್ಣ ಮಣಿಗೆ ನಡೆಯುತ್ತದೆ. ಭಾನುವಾರ ಓಣಿಯ ನಾಲ್ಕು ಹುಡುಗಿಯರು ಕಲಿಯಲು ಬರುತ್ತಾರೆ. ‘ಅವಸರ ಮಾಡಬ್ಯಾಡ್ರಿ’ ಎಂಬುದು ಅವರಿಗೆ ನನ್ನ ಮೊದಲ ಪಾಠ.

ಶಹಾಪುರದಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಒಂದು ಸಂಜೆ ಓಡಿ ಬಂದಳು. ‘ಅಕ್ಕೋರೆ, ನಾಳೆ ತಿಂಥಣಿ ಮೌನೇಶ್ವರನ ಜಾತ್ರಿಗೆ ಹೋಗಬೇಕ್ರಿ. ತಾಳಿಯ ಆಚೀಚೆ ಪೋಣಿಸಲಿಕ್ಕೆ ಎರಡು ಕೆಂಪು ಮಣಿ ಮಾಡಿಕೊಡ್ರಿ’ ಎಂದಳು. ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ನಾಲ್ಕು ಮಣಿ ಮಾಡಿದೆ, ಡಬ್ಬಿಯಲ್ಲಿ ಹೂಳದೆ ತಗಡಿನ ಮೇಲೆ ಗಾಳಿಗೆ ಇಟ್ಟೆ, ಚೆಂದ ಬಂದ ಎರಡನ್ನು ಆರಿಸಿ ಕೊಟ್ಟೆ. ಹೊಗಳಿಸಿಕೊಳ್ಳುವ ಆಸೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಐದನೆಯ ದಿನ ಅವಳು ಅಳುತ್ತ ಬಂದಳು. ‘ತಾಳ್ಯಾಗಿನ ಮಣಿ ಹೆಚ್ಚೇತ್ರಿ ಅಕ್ಕೋರೆ.’ ಅವಳ ಗಂಡ ಯಾದಗಿರಿಯಲ್ಲಿ ರೈಲು ಹತ್ತಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಎರಡು ದಿನದಿಂದ ಅವನ ಫೋನು ಹತ್ತಿರಲಿಲ್ಲ. ‘ಇಕಿ ಕೊರಳೇ ಸರಿ ಇಲ್ಲ’ ಎಂದು ಅತ್ತೆ ಅಂದಿದ್ದಳಂತೆ. ಹುಡುಗಿ ಊಟ ಬಿಟ್ಟಿದ್ದಳು. ನಾನು ‘ಏನೂ ಆಗೂದಿಲ್ಲವ್ವ, ದೇವರು ದೊಡ್ಡವನು’ ಎಂದು ಬೆನ್ನು ಸವರಿ ಕಳಿಸಿದೆ. ಮಣಿ ಯಾಕೆ ಒಡೆಯಿತೆಂದು ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರಿನದೇ ಒಂದು ಕಥೆ ನೆನಪಾಯಿತು. 1841ರಿಂದ ಹಲವು ವರ್ಷ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತಮ್ಮ ಆತ್ಮಕಥೆಯಲ್ಲಿ ರಾಜಾ ವೆಂಕಟಪ್ಪ ನಾಯಕರ ಜಾತಕದ ಸಂಗತಿ ಬರೆದಿದ್ದಾರೆ. ರಾಜರು ಇಪ್ಪತ್ನಾಲ್ಕನೆಯ ವರ್ಷ ದಾಟಲಾರರೆಂದು ಜೋಯಿಸರು ಹೇಳಿದ್ದರಂತೆ. 1858ರಲ್ಲಿ ಆ ತರುಣ ರಾಜರು ಸೆರೆಯಾಳಾಗಿ ಸಾಗುವ ದಾರಿಯಲ್ಲಿ ಗುಂಡಿಗೆ ಬಲಿಯಾದರು. ಜಾತಕ ನಿಜವಾಯಿತು ಎಂದುಬಿಡುವುದು ಸುಲಭ. ಆದರೆ ಊರಿನ ಮೇಲೆ ಸೈನ್ಯ ಕಳಿಸಿದ್ದು, ಅವರನ್ನು ಹಿಡಿದದ್ದು, ಶಿಕ್ಷೆ ಕೊಟ್ಟದ್ದು ಗ್ರಹಗಳಲ್ಲ, ಮನುಷ್ಯರು. ಹಣೆಬರಹದ ಮಾತು ಮುಂದೆ ಬಂದಾಗ ಮಾಡಿದ ಕೈಗಳು ಹಿಂದೆ ಸರಿದುಬಿಡುತ್ತವೆ.

ನಾನೂ ಅದನ್ನೇ ಮಾಡಿದ್ದೆ. ನನ್ನ ಮರ್ಯಾದೆ ಉಳಿಯಿತು, ಅವಳ ಊಟ ಹೋಯಿತು. ಹಣೆಬರಹ ಎಂಬ ಮಾತಿಗೆ ಬೆಲೆ ತೆರುವವರು ಹೆಚ್ಚಾಗಿ ನಾವು ಹೆಂಗಸರೇ. ಮಳೆ ಬಾರದಿದ್ದರೆ, ಎತ್ತು ಸತ್ತರೆ, ಗಂಡ ಕಾಯಿಲೆ ಬಿದ್ದರೆ, ಹೊಸದಾಗಿ ಮನೆ ತುಂಬಿದವಳ ಕಾಲ್ಗುಣವನ್ನೇ ನೋಡುತ್ತಾರೆ.

ಬೆಳಗಾಗುತ್ತಲೇ ಅವರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಲೋಟ ಸೀಳುವುದಿಲ್ಲವೇ, ಇದೂ ಹಾಗೆಯೇ, ತಪ್ಪು ನನ್ನದು ಎಂದೆ. ಅತ್ತೆ ಸುಮ್ಮನೆ ಕೇಳಿ, ‘ಕೆಡಿಸಿದ್ದು ನಿಮ್ಮ ಕೈ ಇರಬಹುದು ಅಕ್ಕೋರೆ. ಆದ್ರ ಒಡದದ್ದು ಇಕಿ ಕೊರಳಾಗ’ ಎಂದಳು.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಮರಳಿದಾಗ, ಆ ಸಂಜೆಯ ಉಳಿದೆರಡು ಮಣಿಗಳು ನೆನಪಾದವು. ಕಡ್ಡಿಪೆಟ್ಟಿಗೆ ತೆರೆದು ನೋಡಿದೆ. ಒಂದರಲ್ಲಿ ಕೂದಲೆಳೆಯಂಥ ಬಿರುಕು. ಇನ್ನೊಂದು ಎರಡು ಹೋಳು. ಅವನ್ನು ಹಾಗೇ ಒಯ್ದು ಆಕೆಯ ಅಂಗೈಯಲ್ಲಿಟ್ಟೆ. ‘ಇವು ಯಾರ ಕೊರಳಾಗೂ ಇರಲಿಲ್ಲವ್ವ’ ಎಂದೆ. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ತಿರುಗಿ, ‘ರೊಟ್ಟಿ ಆರತಾವ, ಬಂದು ಉಣ್ಣಬಾರದೇನ?’ ಎಂದು ಸೊಸೆಯನ್ನು ಕೂಗಿದಳು. ಮಧ್ಯಾಹ್ನ ಪುಣೆಯಿಂದ ಫೋನೂ ಬಂತಂತೆ. ಅದು ಬಾರದೆ ಹೋಗಿದ್ದರೂ ನನ್ನ ತಪ್ಪು ನನ್ನದೇ ಆಗಿರುತ್ತಿತ್ತು.

ಈಗ ಭಾನುವಾರ ಬರುವ ಹುಡುಗಿಯರಿಗೆ ಬರ್ನರ್ ಹಚ್ಚುವ ಮೊದಲು ಆ ಕಡ್ಡಿಪೆಟ್ಟಿಗೆ ತೋರಿಸುತ್ತೇನೆ. ‘ಇದು ಯಾರು ಮಾಡಿದ್ದು?’ ಎಂದು ಅವರು ಕೇಳುತ್ತಾರೆ. ನಾನು ಎಂದು ಹೇಳುವಾಗ ಈಗಲೂ ತುಸು ನಾಚಿಕೆಯಾಗುತ್ತದೆ. ಬಳೆ ಹೆಚ್ಚಿತು ಎನ್ನುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಹಾಗೆಂದ ಮೇಲೆ ಯಾಕೆ ಹೆಚ್ಚಿತೆಂದು ಕೇಳುತ್ತೇನೆ, ಅಷ್ಟೆ.