ಮೂಗು ತೀಡುವ ಬೆರಳು

ಹುಣಸೂರಿನ ಬಸ್ ನಿಲ್ದಾಣದಲ್ಲಿ, ಮಂಜು ಇನ್ನೂ ಪೂರ್ತಿ ಕರಗದ ಎಳೆಬಿಸಿಲಲ್ಲಿ, ಒಂದೇ ಕಲ್ಲುಬೆಂಚಿನ ಮೇಲೆ ಇಬ್ಬರ ಮಡಿಲಲ್ಲಿ ಎರಡು ಕೂಸುಗಳು ನಿದ್ದೆಹೋಗಿದ್ದವು. ಒಂದು, ನಡುವಿಗೆ ಪಟ್ಟೆಪಟ್ಟೆ ಬಟ್ಟೆ ಕಟ್ಟಿ ಬೈಲಕುಪ್ಪೆ ಬಸ್ಸಿಗೆ ಕಾಯುತ್ತಿದ್ದ ಟಿಬೆಟನ್ ಅಜ್ಜಿಯದು. ಇನ್ನೊಂದು, ನಾಗರಹೊಳೆಯಂಚಿನ ಹಾಡಿಯಿಂದ ಬಂದ ಜೇನುಕುರುಬರ ತಾಯಿಯದು.

“ಎಷ್ಟು ತಿಂಗಳಮ್ಮ?” ಎಂದಳು ಅಜ್ಜಿ. “ಐದಜ್ಜಿ,” ಎಂದಳು ಅವಳು. ಮತ್ತೆ ಮೌನ.

ನಾನು ನೋಡುತ್ತಲೇ ಉಳಿದೆ. ಎರಡರಲ್ಲೂ ಹಣೆಯೇ ಮುಖದ ಬಹುಪಾಲು. ಅದರ ಕೆಳಗೆ ಬೆಣ್ಣೆಮುದ್ದೆಗೆ ಬೆರಳೊತ್ತಿ ತೆಗೆದಂಥ, ಏಣಿಲ್ಲದ ಮೂಗು. ಕಣ್ಣಿನ ಒಳಮೂಲೆಯನ್ನು ಮೆಲ್ಲಗೆ ಮುಚ್ಚಿದ ಚರ್ಮದ ಸಣ್ಣ ಮಡಿಕೆ. ಹಿಮದ ನಾಡಿನವರ ಗುರುತೆಂದು ನಾನು ತಿಳಿದಿದ್ದ ಆ ಮಡಿಕೆ ಹಾಡಿಯ ಕೂಸಿನಲ್ಲೂ ಇತ್ತು. ಬಸಿರಿನ ನಡುತಿಂಗಳುಗಳಲ್ಲಿ ಅದು ಯಾವ ನಾಡಿನ ಭ್ರೂಣಕ್ಕೂ ಇರುತ್ತದಂತೆ, ಹಾಗಾದರೆ ಅಮ್ಮನ ಹೊಟ್ಟೆಯಲ್ಲಿ ನನಗೂ ಇತ್ತು. ಮುಂದೆ ಮೂಗಿನ ಏಣು ಮೇಲೇಳುತ್ತ ಚರ್ಮವನ್ನು ತನ್ನತ್ತ ಎಳೆದುಕೊಂಡಂತೆ ಕೆಲವರಲ್ಲಿ ಅದು ಸದ್ದಿಲ್ಲದೆ ಬಿಡಿಸಿಕೊಳ್ಳುತ್ತದೆ, ಕೆಲವರಲ್ಲಿ ಬದುಕಿಡೀ ಉಳಿಯುತ್ತದೆ.

ತಲೆ ಮೊದಲು ಓಡುತ್ತದೆ, ಆರೇಳು ವರ್ಷಕ್ಕೆಲ್ಲ ಮಿದುಳಿನ ಮನೆ ಬಹುಪಾಲು ಕಟ್ಟಿ ಮುಗಿಯುತ್ತದೆ. ಮುಖವೋ ನಿಧಾನ, ಕೆಳಕ್ಕೂ ಮುಂದಕ್ಕೂ ಇಳಿಯುತ್ತ, ಹಾಲುಹಲ್ಲು ಉದುರಿ ಹೊಸವಕ್ಕೆ ಜಾಗ ಮಾಡಿಕೊಡುತ್ತ, ಹದಿನೆಂಟು-ಇಪ್ಪತ್ತರ ಹೊತ್ತಿಗೆ ಕೆಳದವಡೆಯಲ್ಲಿ ಬಂದು ನಿಲ್ಲುತ್ತದೆ. ಆ ಇಳಿತದಲ್ಲಿ ಒಂದೊಂದು ಜನದ್ದು ಒಂದೊಂದು ಲಯ, ಕೆನ್ನೆಯೆಲುಬಿನ ಹರವು ಒಬ್ಬರಲ್ಲಿ ಹೆಚ್ಚು, ದವಡೆಯ ಮುಂಚಾಚು ಇನ್ನೊಬ್ಬರಲ್ಲಿ. ಲಯದ ಮೊದಲ ತಾಳ ಬಿದ್ದದ್ದು ಬಹಳ ಹಿಂದೆ, ಗರ್ಭದ ಕತ್ತಲಲ್ಲಿ. ತಣ್ಣಗಿನ ಒಣಗಾಳಿಯ ನಾಡುಗಳಲ್ಲಿ ಹೊಳ್ಳೆ ಕಿರಿದು, ಬೆಚ್ಚನೆಯ ತೇವದ ನಾಡುಗಳಲ್ಲಿ ಅಗಲ. ಯಾವ ಅಜ್ಜಂದಿರು ಎಂಥ ಗಾಳಿ ಉಸಿರಾಡಿದ್ದರೋ, ಅದರ ನೆನಪು ಈ ಬೆಂಚಿನ ಮೇಲೆ ಮಲಗಿತ್ತು. 1960ರಲ್ಲಿ ಬೈಲಕುಪ್ಪೆಯ ಕಾಡು ಕಡಿದು ನೆಲೆಯೂರಿದವರು ಗಂಟುಮೂಟೆಯೊಡನೆ ಅದನ್ನೂ ಹೊತ್ತು ತಂದಿದ್ದರು.

ಎರಡರ ಮೂಗಿನಡಿಯಲ್ಲೂ, ಮೇಲ್ದುಟಿಯವರೆಗೆ, ಒಂದು ಸಣ್ಣ ಕಾಲುವೆ. ಬಸಿರಿನ ಎರಡನೆಯ ತಿಂಗಳಲ್ಲಿ ಮುಖದ ಹೋಳುಗಳು ಅತ್ತಿತ್ತಲಿಂದ ಬಂದು ಕೂಡಿಕೊಂಡ ಜಾಗ ಅದು.

ಹಾಡಿಯ ಕೂಸು ಮಿಸುಕಿತು. ತಾಯಿ ಹೆಬ್ಬೆರಳಿನಿಂದ ಅದರ ಮೂಗನ್ನು ಹುಬ್ಬಿನ ಕಡೆಗೆ ಮೆಲ್ಲಗೆ ತೀಡಿದಳು, ನಮ್ಮಜ್ಜಿ ಎಣ್ಣೆನೀರು ಹಾಕುವಾಗ ತೀಡುತ್ತಿದ್ದ ಹಾಗೇ. ಬೆರಳಿನಡಿ ಮೂಳೆ ತನ್ನ ಹೊತ್ತಿಗೆ ಕಾಯುತ್ತಿತ್ತು. ಟಿಬೆಟನ್ ಅಜ್ಜಿ ಕೊರಳು ಬಾಗಿಸಿ ಆ ಬೆರಳನ್ನೇ ನೋಡುತ್ತಿದ್ದಳು; ಅವಳ ಬಸ್ಸು ಬಂದು ನಿಂತಿತ್ತು.