ಕೇಳಿದ ಋಣ

ನಮ್ಮಲ್ಲಿ ಮನೆಗೆ ಬಂದವರನ್ನು ‘ಊಟವಾಯಿತೆ?’ ಎಂದು ಕೇಳುವುದು ವಾಡಿಕೆ. ಹಸಿದಿದ್ದರೂ ‘ಆಯಿತು’ ಎನ್ನುವುದು ಬಂದವರ ಮರ್ಯಾದೆ. ಅಕಸ್ಮಾತ್ ‘ಇಲ್ಲ’ ಎಂದರೆ ಎಲೆ ಹಾಕಲೇಬೇಕು; ಅದು ಕೇಳಿದ ಋಣ. ಎಲೆ ಹಾಕುವ ಉದ್ದೇಶವೇ ಇಲ್ಲದೆ ಈ ಪ್ರಶ್ನೆಯನ್ನು ಕೇಳಬಹುದೆ ಎಂಬುದು ನನ್ನನ್ನು ಕಾಡುವ ವಿಚಾರ.

ಆಫ್ರಿಕದ ಹಳ್ಳಿಗಳಲ್ಲಿ ಆಹಾರ ಸಂಶೋಧನೆ ನಡೆಸುವವರು ಕೇಳುವುದು ಇದನ್ನೇ. 2007ರಲ್ಲಿ ಪ್ರಕಟವಾಗಿ ಅಲ್ಲಿ ಬಹಳ ಬಳಕೆಗೆ ಬಂದ ಪ್ರಶ್ನಾವಳಿಯೊಂದರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ನಾಲ್ಕು ವಾರಗಳಲ್ಲಿ ಊಟಕ್ಕೆ ಸಾಲದೆಂದು ಚಿಂತಿಸಿದ್ದುಂಟೆ ಎಂದು ಆರಂಭಿಸಿ, ಹಸಿದು ಮಲಗಿದ್ದುಂಟೆ, ಹಗಲಿರುಳು ಏನೂ ತಿನ್ನದೆ ಕಳೆದದ್ದುಂಟೆ ಎಂಬಲ್ಲಿಗೆ ಅದು ಮುಟ್ಟುತ್ತದೆ. ಮನೆಯಾಕೆ ಉತ್ತರ ಹೇಳುತ್ತಾಳೆ. ಬಂದವರು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಕೇಳದಿದ್ದರೆ ಹಸಿವು ಲೋಕಕ್ಕೆ ತಿಳಿಯುವುದು ಹೇಗೆ ಎನ್ನಬಹುದು. ವಾದ ಹುರುಳಿಲ್ಲದ್ದಲ್ಲ. ಆಡ್ರಿ ರಿಚರ್ಡ್ಸ್ ಎಂಬ ಆಂಗ್ಲ ವಿದುಷಿ 1930ರ ದಶಕದಲ್ಲಿ, ಇಂದು ಜಾಂಬಿಯಾ ಎನಿಸಿರುವ ನಾಡಿನ ಬೆಂಬಾ ಜನರ ನಡುವೆ ಇದ್ದು, ಅವರ ಉಣಿಸನ್ನು ಕುರಿತು 1939ರಲ್ಲಿ ಗ್ರಂಥ ಪ್ರಕಟಿಸಿದರು. ಅವರ ಮುಖ್ಯ ಆಹಾರ ನಮ್ಮ ರಾಗಿಯೇ. ರಾಗಿಯ ತವರೂ ಆಫ್ರಿಕವೇ. ಅವರ ‘ಉಬ್ವಾಲಿ’ಯನ್ನು ಕಂಡರೆ ನಮಗೆ ಮುದ್ದೆ ನೆನಪಾದೀತು. ಕೊಂಬೆ ಕಡಿದು ಸುಟ್ಟ ಬೂದಿಯಲ್ಲಿ ಬಿತ್ತುವ ಬೇಸಾಯ ಅವರದು. ಕಡಿಯಬೇಕಾದ ಗಂಡಸರು ತಾಮ್ರದ ಗಣಿಗಳಿಗೆ ಹೊರಟುಹೋದರೆ ಕಣಜ ಬರಿದಾಗುತ್ತದೆ. ಬಿಳಿಯರು ಸೋಮಾರಿತನವೆಂದು ಹಳಿದದ್ದರ ಹಿಂದೆ ಹಸಿವೂ ಇದೆಯೆಂಬುದು ಆ ಶೋಧನೆಯಿಂದ ಹೊರಬಿತ್ತು.

ಆದರೂ ಲೋಕಕ್ಕಾದ ಉಪಕಾರದಿಂದ ಆ ಹೆಂಗಸಿನ ಋಣ ತೀರದು. ಮಾನವನ್ನು ಬಿಚ್ಚಿಟ್ಟವಳು ಅವಳು. ಫಲ ಸಂದದ್ದು ಬೇರೆಯವರಿಗೆ, ಬೇರೆ ಕಾಲಕ್ಕೆ. ಹಾಗೆಂದು ಮನೆಗೊಂದು ಚೀಲ ಧಾನ್ಯ ಕೊಟ್ಟರೂ ಸರಿಹೋಗದು. ಕೊಡುವ ಕೈಯನ್ನು ಕಂಡೊಡನೆ ಉತ್ತರ ಅತ್ತ ಬಾಗುತ್ತದೆ.

ಇನ್ನೊಂದು ದಾರಿಯಿದೆ. ಇಂದಿನ ಘಾನಾದಲ್ಲಿ ವೈದ್ಯೆಯಾಗಿದ್ದ ಸಿಸಿಲಿ ವಿಲಿಯಮ್ಸ್ 1935ರಲ್ಲಿ ‘ಕ್ವಾಶಿಯೋರ್ಕರ್’ ಎಂಬ ರೋಗದ ಹೆಸರನ್ನು ವೈದ್ಯಲೋಕಕ್ಕೆ ತಿಳಿಸಿದರು. ಹೆಸರು ಗಾ ಭಾಷೆಯ ಜನರದು. ಮುಂದಿನ ಕೂಸು ಬಂದಾಗ ಹಿಂದಿನ ಮಗುವಿಗೆ ತಗಲುವ ಬೇನೆಯೆಂದು ಅದರ ಅರ್ಥ. ಎದೆಹಾಲು ತಪ್ಪಿತೆಂಬ ಸುಳಿವು ಅದರಲ್ಲೇ ಇದೆ. ಉತ್ತರ ಕೊಟ್ಟವರು ಜ್ಞಾನದಲ್ಲಿ ಪಾಲುದಾರರು ಎಂದು ಒಪ್ಪಿದರೆ, ತಿಳಿದುದನ್ನು ಅವರ ಭಾಷೆಯಲ್ಲಿ, ಅವರ ಅಂಗಳಕ್ಕೇ, ಅಧಿಕಾರಿಗಳ ಮುಂದೆ ಅವರೇ ಇಡಬಲ್ಲಂತೆ ಮರಳಿಸಬೇಕಾಗುತ್ತದೆ.

ಅಷ್ಟಾದ ಮೇಲೂ ‘ನಮ್ಮದು ಊಟವಾಯಿತು’ ಎಂದು ಬಾಗಿಲು ಮುಚ್ಚುವ ಹಕ್ಕು ಅವಳದು. ಅದರಿಂದ ಲೆಕ್ಕ ಕೆಡಬಹುದು. ಲೆಕ್ಕಕ್ಕಾಗಿ ಮಾನ ಕಸಿಯುವುದಕ್ಕಿಂತ ಅದು ಸಣ್ಣ ನಷ್ಟವೆಂದೇ ನನ್ನ ಎಣಿಕೆ.